ಬಸ್ ಟಿಕೆಟ್ಟಿನ ರಿಯಾಯಿತಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾಮಾ ಅಂದು ಯಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಎಂಬುದು ನನಗೆ ಖಚಿತವಿಲ್ಲ. ಎಡಗಣ್ಣು ಎನ್ನುತ್ತೇನೆ ನಾನು, ಬಲಗಣ್ಣು ಎನ್ನುತ್ತಾಳೆ ಅತ್ತೆ, ಅವನ ಹೆಂಡತಿ. ಅದು ಶನಿವಾರ ಎಂದು ನನ್ನ ನೆನಪು, ಏಕೆಂದರೆ ಆಗ ನಾನು ಕಲಬುರಗಿಯಿಂದ ಬೀದರಿಗೆ ಬರುತ್ತಿದ್ದುದೇ ಶನಿವಾರ. ಆದರೆ ನನ್ನ ದಿನಚರಿಯಲ್ಲಿ ಆ ದಿನದ ಸಾಲು ಭಾನುವಾರದ ಪುಟದಲ್ಲಿದೆ, ಅದೂ ಇಷ್ಟೇ: "ಮಾಮಾನ ಅಂಗಡಿ. ಪತ್ರ ಓದಿದೆ. ಸೆಕೆ." ಶಾಲೆಗೆ ಹೋಗುವಾಗಿನಿಂದ ದಿನಚರಿ ಬರೆಯುತ್ತ ಬಂದವಳು ನಾನು. ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಗೆ ನೀರು ಎಷ್ಟು ಹೊತ್ತಿಗೆ ಬಂತು, ಅವ್ವ ಯಾರ ಮೇಲೆ ಸಿಟ್ಟಾದಳು ಎಂಬುದನ್ನೆಲ್ಲ ಬರೆದಿಟ್ಟಿದ್ದೇನೆ. ಆ ಒಂದು ದಿನಕ್ಕೆ ಮಾತ್ರ ಐದು ಪದ. ಮರೆಯಬಾರದೆಂದು ಬರೆಯುವ ಪುಸ್ತಕದಲ್ಲಿ ಮರೆಯಲೆಂದೇ ಜಾಗ ಬಿಟ್ಟೆನೇ ಎಂದು ಈಗ ಅನುಮಾನ ಬರುತ್ತದೆ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಬೀದರಿನ ಹಳೆ ಊರಿನಲ್ಲಿ, ಚೌಬಾರಾ ಗೋಪುರದಿಂದ ಇಳಿದು ಬರುವ ರಸ್ತೆಯಲ್ಲಿ ಅವನ ಪುಸ್ತಕದ ಅಂಗಡಿ ಇತ್ತು. ಇಬ್ಬರು ಅಕ್ಕಪಕ್ಕ ನಿಂತರೆ ಮೂರನೆಯವರು ಹೊರಗೇ ಕಾಯಬೇಕು, ಅಷ್ಟು ಸಣ್ಣದು. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ, ಎದುರಿಗೆ ಪರೀಕ್ಷೆಯ ಗೈಡುಗಳು. ಗೈಡುಗಳಿಂದ ಅಂಗಡಿ ನಡೆಯುತ್ತಿತ್ತು, ಉಳಿದ ಪುಸ್ತಕಗಳಿಂದ ಮಾಮಾ ನಡೆಯುತ್ತಿದ್ದ.

ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಔರಾದ, ಭಾಲ್ಕಿ, ಆ ಕಡೆಯ ಹಳ್ಳಿಗಳಿಂದ ಪುಸ್ತಕಕ್ಕೆಂದು ಬಂದವರು ಬಸ್ ಟಿಕೆಟ್ ತೋರಿಸಿದರೆ, ಆ ಟಿಕೆಟ್ಟಿನಷ್ಟು ಹಣವನ್ನು ಪುಸ್ತಕದ ಬೆಲೆಯಲ್ಲಿ ಬಿಡುತ್ತಿದ್ದ. ಟಿಕೆಟ್ಟನ್ನು ಇಸಿದುಕೊಂಡು ಹಣದ ಗಲ್ಲೆಯ ಪಕ್ಕ ನೇತುಹಾಕಿದ್ದ ತಂತಿಗೆ ಚುಚ್ಚುತ್ತಿದ್ದ, ಅದೇ ಟಿಕೆಟ್ ಇನ್ನೊಬ್ಬರ ಕೈಯಲ್ಲಿ ಮರಳಿ ಬರಬಾರದು ಎಂದು. ಬೀದರಿನವರಿಗೆ ಪುಸ್ತಕಕ್ಕೆ ಪುಸ್ತಕದ್ದೇ ಬೆಲೆ, ಔರಾದಿನವರಿಗೆ ಪುಸ್ತಕದ ಜೊತೆ ದಾರಿಯದೂ ಬೆಲೆ, ಇದು ಬರೋಬರಿ ಅಲ್ಲ ಎನ್ನುವುದು ಅವನ ವಾದ. ಅವನೇ ಹುಡುಗನಾಗಿದ್ದಾಗ ಔರಾದಿನಿಂದ ಬೀದರಿಗೆ ಬಂದು, ಇದ್ದ ಹಣಕ್ಕೆಲ್ಲ ಪುಸ್ತಕ ಕೊಂಡು, ತಿರುಗಿ ಹೋಗಲು ಗತಿಯಿಲ್ಲದೆ ನಿಂತಿದ್ದನಂತೆ. ಒಮ್ಮೆ ಹೇಳುವಾಗ ನಡೆದು ಹೋದೆ ಎನ್ನುತ್ತಿದ್ದ, ಇನ್ನೊಮ್ಮೆ ಲಾರಿಯವನು ಹತ್ತಿಸಿಕೊಂಡ ಎನ್ನುತ್ತಿದ್ದ. ಯಾವುದು ನಿಜ ಎಂದು ನಾನು ಕೇಳಲಿಲ್ಲ. ನೆನಪನ್ನು ನಂಬದ ನನ್ನ ಈ ರೋಗ ಅವನಿಂದಲೇ ಅಂಟಿರಬಹುದು.

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ ಈ ಪದ್ಧತಿಗೆ ಒಂದು ತೊಡಕು ಬಂತು. ಕಂಡಕ್ಟರು ಕೊಡುವ ಟಿಕೆಟ್ಟಿನಲ್ಲಿ ಸೊನ್ನೆ ಇರುತ್ತಿತ್ತು. ಔರಾದಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಒಬ್ಬ ಹೆಣ್ಣುಮಗಳು ಮಾಮಾನ ಕಾಯಂ ಗಿರಾಕಿ. ಕುರಿ ಸಾಕುವ ಮನೆತನದವಳು, ಅವರಲ್ಲಿ ಮೊದಲು ಕಾಲೇಜು ಕಂಡವಳು, ಕಾದಂಬರಿ ಎಂದರೆ ಪ್ರಾಣ. ಅವಳು ಆ ಟಿಕೆಟ್ಟನ್ನು ಗಲ್ಲೆಯ ಮೇಲಿಟ್ಟು ನಗುತ್ತ ಕೇಳಿದ್ದನ್ನು ನಾನೇ ಕೇಳಿದ್ದೇನೆ.

"ಮಾಮಾರೇ, ಇದರಾಗ ಸೊನ್ನಿ ಅದರಿ. ಇವತ್ತ ಸೊನ್ನಿನೇ ಬಿಡ್ರಿ."

"ಸೊನ್ನಿ ಸರಕಾರದ್ದವ್ವಾ," ಎಂದ ಮಾಮಾ. "ದಾರಿ ಅಷ್ಟೇ ಉದ್ದ ಅದ."

ಗಂಡಸರ ಟಿಕೆಟ್ ಎಷ್ಟಿರುತ್ತದೋ ಅಷ್ಟನ್ನೇ ಅವಳಿಗೂ ಬಿಟ್ಟ. ಆಮೇಲೆ ಎಲ್ಲ ಹೆಂಗಸರಿಗೂ ಅದೇ ಲೆಕ್ಕ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ರಜೆಯಲ್ಲಿ ನಾನು ಅಂಗಡಿಯಲ್ಲಿ ಕೂತಾಗ ಮಾಮಾ ನನ್ನಿಂದ ಪ್ರಕಾಶಕರಿಗೆ ಪತ್ರ ಬರೆಸುತ್ತಿದ್ದ. ಹರಿದ ಪುಸ್ತಕ ಕಳಿಸಿದ್ದಾರೆ, ಕೇಳಿದ್ದು ಬಂದಿಲ್ಲ, ಇಂಥವು. ಬಿರುಸಾದ ಮಾತು ಬರೆಯುವುದಿದ್ದರೆ ಅದಕ್ಕೂ ಮೊದಲು ಓದುವವನ ಬಗ್ಗೆ ಒಂದು ಸಾಲು ಇರಬೇಕು ಎನ್ನುತ್ತಿದ್ದ. ಮಳೆ ಹೇಗಿದೆ, ಕೆಮ್ಮು ಹೋಯಿತೇ, ಏನಾದರೂ. ಅದು ಇಲ್ಲದಿದ್ದರೆ ಪತ್ರವನ್ನು ಹರಿದು ಮತ್ತೆ ಬರೆಸುತ್ತಿದ್ದ. ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕನ್ನಡ ಓದಿದ್ದೇನೆ, ಅಲ್ಲಿ ಯಾರೂ ನನಗೆ ಪತ್ರ ಬರೆಯಲು ಕಲಿಸಲಿಲ್ಲ.

ಓದು ಮುಗಿದ ಮೇಲೆ ಕಲಬುರಗಿಯ ಒಂದು ಸಣ್ಣ ಪ್ರಕಾಶನದಲ್ಲಿ ನನಗೆ ಕೆಲಸ ಸಿಕ್ಕಿತು. ಇ-ಪುಸ್ತಕಗಳ ಜವಾಬ್ದಾರಿ ನನ್ನದು. ಆರಂಭದಲ್ಲಿ ನಮ್ಮ ಪದ್ಧತಿ ಕಾಗದದ ಪುಸ್ತಕದಂತೆಯೇ ಇತ್ತು: ನಮಗೆ ಸಲ್ಲಬೇಕಾದ್ದನ್ನು ಕೊಟ್ಟು, ಮಾರುವವರು ತಮಗೆ ಬೇಕಾದ ಬೆಲೆಗೆ ಮಾರಿಕೊಳ್ಳಬಹುದು. ಪುಸ್ತಕದಂಗಡಿಗಳಿಗೂ ನಮ್ಮ ಜಾಲತಾಣದ ಒಂದೊಂದು ಕೊಂಡಿ ಮಾಡಿಕೊಟ್ಟೆವು, ಗೋಡೆಗೆ ಅಂಟಿಸಲು ಚೌಕಳಿ ಚೌಕಳಿಯ ಕ್ಯೂಆರ್ ಸಂಕೇತದ ಕಾಗದವನ್ನೂ ಕೊಟ್ಟೆವು. ಮಾಮಾ ಅದನ್ನು ಮರಾಠಿ ಪುಸ್ತಕಗಳ ಪಕ್ಕದ ಕನ್ನಡಿಗೆ ಅಂಟಿಸಿಕೊಂಡ. ತಾನು ಫೋನಿನಲ್ಲಿ ಓದುತ್ತಿರಲಿಲ್ಲ, ಆದರೆ ಮಾರುವುದಕ್ಕೆ ಅವನಿಗೆ ಬಹಳ ಹುರುಪು.

ಮೊದಲು ಕೊಂಡವಳು ಔರಾದಿನ ಆ ನರ್ಸೇ. ಕೊಳ್ಳುವಾಗ ವಾಟ್ಸಾಪಿನಲ್ಲಿ ಬಸ್ ಟಿಕೆಟ್ಟಿನ ಚಿತ್ರ ಕಳಿಸಿದಳು. ಮಾಮಾ ನಕ್ಕು, ನನ್ನೆದುರಿಗೇ ಅವಳಿಗೆ ಫೋನ್ ಮಾಡಿದ.

"ಫೋನಿನಾಗಿನ ಕಿತಾಬಿಗಿ ಬಸ್ ಯಾಕ ಬೇಕವ್ವಾ? ಅದೇ ನಿನ್ನ ಮನಿಗಿ ಬರ್ತದಲ್ಲ."

ಸ್ಪೀಕರಿನಲ್ಲಿ ಅವಳ ದನಿ ಕೇಳಿಸಿತು. "ಬಸ್ಸಿನಾಗ ಕುಂತೇ ಓದ್ತೇನಿರಿ ಮಾಮಾ. ಡ್ಯೂಟಿ, ಮನಿ, ಮತ್ತೆಲ್ಲಿ ವ್ಯಾಳ್ಯಾ ಅದ ನನಗ?"

ಇದೂ ನ್ಯಾಯವೇ ಎಂದು ಮಾಮಾ ಒಪ್ಪಿಕೊಂಡ. ಅವಳಿಂದ ಕಡಿಮೆ ಇಸಿದುಕೊಂಡು, ನಮ್ಮ ತಾಣಕ್ಕೆ ಪೂರ್ತಿ ಹಣ ತಾನು ತುಂಬಿ ಪುಸ್ತಕ ಕಳಿಸಿದ. ಹೀಗೆ ಅವನ ಫೋನಿಗೆ ಟಿಕೆಟ್ಟುಗಳ ಚಿತ್ರಗಳು ಬರತೊಡಗಿದವು. ಭಾಲ್ಕಿಯ ಸಂತೆಗೆ ಹೋದ ಟಿಕೆಟ್ಟು, ಅಷ್ಟೂರಿಗೆ ಮದುವೆಗೆ ಹೋದ ಟಿಕೆಟ್ಟು. ಅವನು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಅದು ಅವನ ಪಾಲಿನಿಂದಲೇ ಹೋಗುತ್ತಿತ್ತು, ನಮಗೆ ಒಂದು ಪೈಸೆಯೂ ಕಡಿಮೆ ಬರುತ್ತಿರಲಿಲ್ಲ. ಇದನ್ನು ಒತ್ತಿ ಬರೆಯುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಆಮೇಲೆ ಒಂದು ದೊಡ್ಡ ಆ್ಯಪ್ ಬಂತು. ನಮ್ಮ ಪುಸ್ತಕಗಳನ್ನು ಕೊಂಡ ಬೆಲೆಗಿಂತ ಕಡಿಮೆಗೆ, ಒಂದು ಕಪ್ ಚಹಾದ ದುಡ್ಡಿಗೆ ಮಾರತೊಡಗಿತು. ನಷ್ಟವನ್ನು ತಾನೇ ನುಂಗಿಕೊಂಡು ಗಿರಾಕಿಗಳನ್ನು ಕೂಡಿಹಾಕುವುದು ಅದರ ಉಪಾಯ. ನಮ್ಮ ಪಾಲು ನಮಗೆ ಬರುತ್ತಿತ್ತು, ಆದರೆ ಓದುಗರ ಮನಸ್ಸಿನಲ್ಲಿ ಕನ್ನಡ ಪುಸ್ತಕವೆಂದರೆ ಚಹಾದಷ್ಟೇ ಬೆಲೆಯದ್ದು ಎಂದು ಕೂತುಬಿಟ್ಟಿತು. ಮಾಮಾನ ಅಂಗಡಿಗೆ ಬಂದವರು ಪುಸ್ತಕ ಕೈಯಲ್ಲಿ ಹಿಡಿದು, ಫೋನು ತೆಗೆದು, ಬೆಲೆ ನೋಡಿ, ಪುಸ್ತಕವನ್ನು ಮೆಲ್ಲಗೆ ತಿರುಗಿ ಇಡುತ್ತಿದ್ದರು. ಅವನ ಟಿಕೆಟ್ಟಿನ ರಿಯಾಯಿತಿಯೂ ಅಷ್ಟು ಕೆಳಗೆ ಇಳಿಯಲಾರದು.

ಇ-ಪುಸ್ತಕದ ಬೆಲೆಯನ್ನು ನಾವೇ ನಿಗದಿ ಮಾಡೋಣ ಎಂದು ಪ್ರಕಾಶನದ ಮಾಲೀಕರಿಗೆ ಹೇಳಿದವಳು ನಾನು. ಎಲ್ಲಿ ಕೊಂಡರೂ ಅದೇ ಬೆಲೆ. ಮಾರುವವರು ನಮ್ಮ ಪರವಾಗಿ ಮಾರಲಿ, ಅವರಿಗೆ ಇಂತಿಷ್ಟು ಪಾಲು. ಇಳಿಸುವ ಹಕ್ಕು ಯಾರಿಗೂ ಇಲ್ಲ. ಬೆಲೆ ಒಂದೇ ಆದರೆ ಜನ ಒಳ್ಳೆಯ ಅಂಗಡಿಯನ್ನು ಆರಿಸುತ್ತಾರೆ, ಯಾರಿಗೆ ಯಾವ ಪುಸ್ತಕ ಎಂದು ಬಲ್ಲವನನ್ನು ಆರಿಸುತ್ತಾರೆ ಎಂಬುದು ನನ್ನ ವಾದ. ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಮಾಮಾ ಇದ್ದ. ಇದ್ದ ಎಂದು ಈಗ ಬರೆಯುತ್ತಿದ್ದೇನೆ. ನಿಜಕ್ಕೂ ಆಗ ಇದ್ದನೋ, ನನ್ನ ಸಮಾಧಾನಕ್ಕೆ ಆಮೇಲೆ ತಂದು ನಿಲ್ಲಿಸಿಕೊಂಡೆನೋ ಹೇಳಲಾರೆ.

ಷರತ್ತುಗಳನ್ನು ಬರೆದವಳೂ ನಾನೇ. "ರಿಯಾಯಿತಿ ನೀಡತಕ್ಕದ್ದಲ್ಲ" ಎಂದು ಮೊದಲು ಬರೆದಿದ್ದೆ. ದೊಡ್ಡವರು ಬೇರೆ ಬೇರೆ ಹೆಸರಿನಲ್ಲಿ ಕೊಟ್ಟಾರು ಎಂದು ಹೆದರಿ "ಯಾವುದೇ ರೂಪದಲ್ಲಿ, ತಮ್ಮ ಪಾಲಿನಿಂದಲೂ ಸಹ" ಎಂದು ಸೇರಿಸಿದೆ. ಆಮೇಲೆ ಬೀದರಿಗೆ ಬಂದು, ಮಾಮಾನ ಫೋನಿನಲ್ಲಿ ಹೊಸ ಷರತ್ತುಗಳಿಗೆ ಒಪ್ಪಿದ್ದೇನೆ ಎಂಬ ಗುಂಡಿಯನ್ನು ಒತ್ತಿದವಳೂ ನಾನೇ. ಅವನು ಗಿರಾಕಿಯೊಂದಿಗೆ ಮಾತಾಡುತ್ತಿದ್ದ. ಏನದು ಎಂದು ಕಣ್ಣಿನಲ್ಲೇ ಕೇಳಿದ. ಏನಿಲ್ಲ, ನಿನಗ ಚಲೋ ಆಗೋದೇ ಎಂದೆ. ಆ ಗಳಿಗೆಯಲ್ಲಿ ನನಗೆ ಬಸ್ ಟಿಕೆಟ್ಟುಗಳ ನೆನಪೇ ಬರಲಿಲ್ಲ. ತಂತಿ ನನ್ನ ಮೂಗಿನೆದುರೇ ತೂಗುತ್ತಿತ್ತು.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಆಯಿತು. ಫೋನು ತೆಗೆದು ನೋಡಿದವರಿಗೆ ಎಲ್ಲ ಕಡೆ ಒಂದೇ ಬೆಲೆ ಕಂಡು, ಇಲ್ಲೇ ಕೊಡ್ರಿ ಎನ್ನುತ್ತಿದ್ದರಂತೆ. ನಮ್ಮ ಹುಡುಗಿಯ ಕಂಪನಿ ನಿಯತ್ತಿನದು ಎಂದು ಮಾಮಾ ಪಕ್ಕದ ಅಂಗಡಿಯವರಿಗೆಲ್ಲ ಹೇಳಿದನಂತೆ. ಅವ್ವ ಅದನ್ನು ನನಗೆ ಫೋನಿನಲ್ಲಿ ಎರಡು ಸಲ ಹೇಳಿದಳು.

ನಿಧಾನಕ್ಕೆ ಬೇರೆಯದೊಂದು ಕಾಣಿಸಿತು. ಬೆಲೆ ಒಂದೇ ಆದದ್ದರಿಂದ ಪೈಪೋಟಿ ನಿಲ್ಲಲಿಲ್ಲ, ಮಾಮಾನ ಕೈಗೆ ಎಟುಕದ ಕಡೆಗೆ ಸರಿಯಿತು. ದೊಡ್ಡ ಆ್ಯಪಿನವರು ತಿಂಗಳಿಗೆ ಇಷ್ಟು ಕಟ್ಟಿ ಎಷ್ಟಾದರೂ ಓದಿ ಎಂಬ ಯೋಜನೆ ತಂದರು. ಅದು ಮಾರಾಟವೇ ಅಲ್ಲ, ಎರವಲು ಎಂದು ಅವರ ವಕೀಲರು ಹೇಳಿದರು, ನಾವು ಒಪ್ಪಿದೆವು. ಹಣ ಕಟ್ಟುವ ಆ್ಯಪಿನಿಂದ ಒಂದಿಷ್ಟು ಗಿರಾಕಿಗೆ ವಾಪಸು ಬರುತ್ತಿತ್ತು, ಅದು ಬ್ಯಾಂಕಿನ ಕೊಡುಗೆಯಂತೆ, ಪುಸ್ತಕದ ರಿಯಾಯಿತಿ ಅಲ್ಲವಂತೆ. ನನ್ನ "ಯಾವುದೇ ರೂಪದಲ್ಲಿ" ಅವರನ್ನು ಎಲ್ಲಿಯೂ ತಾಗಲಿಲ್ಲ. ಜೊತೆಗೆ ನಾವು ಕಟ್ಟಿದ ಬೆಲೆ ಮೊದಲಿಗಿಂತ ಮೇಲೆಯೇ ಇತ್ತು. ತಿಂಗಳಿಗೆ ಎರಡು ಕೊಳ್ಳುತ್ತಿದ್ದವರು ಒಂದಕ್ಕೆ ಇಳಿದರು. ಮಾಮಾನ ಬಳಿ ಉಳಿದದ್ದು ಟಿಕೆಟ್ಟು ಮಾತ್ರ. ಅದನ್ನು ಅವನು ಬಿಟ್ಟಿರಲಿಲ್ಲ, ಬಿಡಬೇಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅದು ಬೆಳಕಿಗೆ ಬಂದದ್ದು ಔರಾದಿನ ನರ್ಸಿನ ಪ್ರೀತಿಯಿಂದ. ನಮ್ಮದೊಂದು ಕಾದಂಬರಿ ಅವಳಿಗೆ ಬಹಳ ಹಿಡಿಸಿತ್ತು. ದೊಡ್ಡ ಆ್ಯಪಿನಲ್ಲಿ ಆ ಪುಸ್ತಕದ ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಐದು ನಕ್ಷತ್ರ ಕೊಟ್ಟು, ಕಥೆಯನ್ನು ಹೊಗಳಿ, ಕೊನೆಗೆ ಎಲ್ಲರಿಗೂ ಉಪಕಾರವಾಗಲಿ ಎಂದು ಹೀಗೆ ಬರೆದಳು: ಬೀದರಿನ ನಮ್ಮ ಮಾಮಾನ ಅಂಗಡಿಯಲ್ಲಿ ಬಸ್ ಟಿಕೆಟ್ ಕಳಿಸಿದರೆ ಇದೇ ಪುಸ್ತಕ ಇನ್ನೂ ಕಡಿಮೆಗೆ ಸಿಗುತ್ತದೆ. ಅಂಗಡಿಯ ಹೆಸರು, ಫೋನ್ ನಂಬರು ಎಲ್ಲ ಕೊಟ್ಟಿದ್ದಳು.

ವಾರದೊಳಗೆ ಆ್ಯಪಿನವರಿಂದ ನಮಗೆ ದೂರು ಬಂತು. ಒಬ್ಬರಿಗೆ ಇಳಿಸಲು ಬಿಟ್ಟರೆ ತಾವೂ ಇಳಿಸುವುದಾಗಿ ಬರೆದಿದ್ದರು. ಮಾಲೀಕರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಆ ಅಂಗಡಿಗೆ ಒಂದು ಎಚ್ಚರಿಕೆ ಪತ್ರ ಬರೆಯಮ್ಮ ಎಂದರು. ಅದು ನನ್ನ ಮಾಮಾನ ಅಂಗಡಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಪಕ್ಷಪಾತ ಎಂದುಕೊಂಡಾರು ಎಂಬ ಅಳುಕು. ಮಾಮಾನಿಗೆ ಫೋನು ಮಾಡಿ ಮೊದಲೇ ಹೇಳಬಹುದಿತ್ತು. ಅದನ್ನೂ ಮಾಡಲಿಲ್ಲ, ಅದಕ್ಕೆ ಕಾರಣ ಹುಡುಕಿದರೆ ಇವತ್ತಿಗೂ ನನಗೆ ಒಳ್ಳೆಯದು ಸಿಗುವುದಿಲ್ಲ.

ಪತ್ರ ಬರೆದೆ. ಒಂದು ಪುಟ, ಕಾನೂನಿನ ಭಾಷೆ. ಕೆಳಗೆ ಪ್ರಕಾಶನದ ಮುದ್ರೆ, ನನ್ನ ಹೆಸರಿಲ್ಲ. ನನ್ನ ಕಂಪ್ಯೂಟರಿನಲ್ಲಿ ಅದರ ಪ್ರತಿ ಈಗಲೂ ಇದೆ, ಹಾಗಾಗಿ ಇದೊಂದು ವಿಷಯದಲ್ಲಿ ನನ್ನ ನೆನಪನ್ನು ನಂಬಬೇಕಾಗಿಲ್ಲ. "ಮಾನ್ಯರೇ" ಎಂದಾದ ಮೇಲೆ, ಷರತ್ತಿನ ಮಾತು ಬರುವುದಕ್ಕೆ ಮೊದಲು, ಒಂದು ಸಾಲು ಇದೆ: "ಬಿಸಿಲು ಹೆಚ್ಚಾಗಿದೆ, ತಾವು ಆರೋಗ್ಯವಾಗಿರುವಿರೆಂದು ನಂಬಿದ್ದೇವೆ." ನೋಟೀಸಿನಲ್ಲಿ ಯಾರೂ ಹೀಗೆ ಬರೆಯುವುದಿಲ್ಲ. ಕೈ ತಾನಾಗಿ ಬರೆದಿರಬೇಕು.

ಇನ್ನು ಆ ಶನಿವಾರ, ಅಥವಾ ಭಾನುವಾರ. ಮಾಮಾನಿಗೆ ಕಣ್ಣಿನ ಪೊರೆ ತೆಗೆಸಿ ನಾಲ್ಕೈದು ದಿನವಾಗಿತ್ತು. ಪಟ್ಟಿ ಕಟ್ಟಿಕೊಂಡೇ ಅಂಗಡಿಗೆ ಬಂದು ಕೂತಿದ್ದ. ನಾನು ಒಳಗೆ ಕಾಲಿಡುತ್ತಲೇ ಗೈಡುಗಳ ಕೆಳಗಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟ. ದೂರದಿಂದಲೇ ನನಗೆ ಆ ಲಕೋಟೆಯ ಗುರುತು ಹತ್ತಿತ್ತು.

"ಓದು ಮಗಳ. ನಿಮ್ಮ ಆಫೀಸಿಂದು. ನಿಮ್ಮತ್ತಿಗಿ ಓದಂದ್ರ ಅರ್ಧಕ್ಕೇ ಬಿಟ್ಟಳು, ಸಿಟ್ಟು ಬಂತಂತ ಆಕಿಗಿ."

ನಿಂತುಕೊಂಡೇ ಓದಿದೆ. ನಾನೇ ಬರೆದ ವಾಕ್ಯಗಳನ್ನು, ಮೊದಲ ಸಲ ನೋಡುತ್ತಿರುವವಳಂತೆ, ಅಲ್ಲಲ್ಲಿ ತಡವರಿಸಿ. ಆ ತಡವರಿಕೆ ನಿಜದ್ದೋ ನಟನೆಯೋ ಗೊತ್ತಿಲ್ಲ. ಅವನು ಪಟ್ಟಿಯಿಲ್ಲದ ಕಣ್ಣನ್ನೂ ಮುಚ್ಚಿ ಕೇಳುತ್ತಿದ್ದ. ಮುಗಿದ ಮೇಲೆ ಚಲೋ ಬರದಾರ, ಒಂದೂ ತಪ್ಪಿಲ್ಲ ಎಂದ. ಆಮೇಲೆ ಕೇಳಿದ:

"ನನ್ನ ಪಾಲಿನ್ಯಾಗಿಂದ ನಾ ಬಿಟ್ಟರ ಅವರಿಗೇನು ಹೋಗ್ತದ?"

"ನಿನಗ ಬಿಡ್ಲಿಕ್ಕಿ ಕೊಟ್ಟರ ಆ ದೊಡ್ಡ ಆ್ಯಪಿನವರಿಗೂ ಕೊಡಬೇಕಾಗ್ತದ ಮಾಮಾ. ಅವರು ಬಿಡ್ಲಿಕ್ಕಿ ನಿಂತ್ರ ನಿನ್ನಂಥವರು ಉಳಿಯಂಗಿಲ್ಲ. ಅವರ ವಿಚಾರ ಹಂಗಿರಬೇಕು."

"ಅವರ ವಿಚಾರ," ಎಂದ ಮಾಮಾ. ಆಮೇಲೆ, "ಅಂದ್ರ ನನ್ನ ಉಳಸ್ಲಿಕ್ಕೇ ನನಗ ಬ್ಯಾಡ ಅನ್ಲಿಕತ್ತಾರ."

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಒಂದು ಲೆಕ್ಕವನ್ನು ಬಿಡಿಸಿ ನೋಡುವಂತೆ ಹೇಳಿದ. ಆಗಲೇ ಹೇಳಬೇಕಿತ್ತು ನಾನು. ಅದು ನಾನೇ, ಮಾಮಾ, ಷರತ್ತೂ ನಂದೇ ಪತ್ರವೂ ನಂದೇ ಎಂದು. ಚಹಾ ತರಿಸಲೇನು ಎಂದು ಅವನು ಕೇಳಿದ, ಹೂಂ ಎಂದೆ. ಚಹಾ ಬಂತು, ಕುಡಿದೆವು.

ಅದರ ಮರುದಿನವೇ ಇರಬೇಕು, ಕನ್ನಡಿಯ ಮೇಲಿನ ಕಾಗದವನ್ನು ಅವನು ಕಿತ್ತು ತೆಗೆದ. ಅದರ ಜೊತೆ ತಂತಿಯನ್ನೂ ತೆಗೆದ. ಕಾಗದದ ಪುಸ್ತಕಕ್ಕೆ ಟಿಕೆಟ್ ನಡೆಯುತ್ತದೆ, ಅದಕ್ಕೆ ಯಾರ ಷರತ್ತೂ ಇಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಔರಾದಿನ ನರ್ಸು ವಿಷಯ ತಿಳಿದು, ತಾನು ಬರೆದದ್ದನ್ನು ಅಳಿಸಿ, ರಜೆ ಹಾಕಿ ಬಸ್ಸು ಹತ್ತಿ ಬಂದಳು. ಗಲ್ಲೆಯ ಮೇಲೆ ಟಿಕೆಟ್ಟಿಟ್ಟು ಒಂದು ದಪ್ಪ ಕಾದಂಬರಿ ಕೇಳಿದಳು. ಮಾಮಾ ಪುಸ್ತಕ ಕೊಟ್ಟ, ಟಿಕೆಟ್ಟನ್ನು ಅವಳ ಕಡೆಗೇ ಸರಿಸಿದ.

"ಒಬ್ಬರಿಗಿ ಅದ, ಒಬ್ಬರಿಗಿ ಇಲ್ಲ ಅನ್ನೋದು ನನ್ನ ಕೈಲೆ ಆಗಂಗಿಲ್ಲವ್ವಾ," ಎಂದನಂತೆ.

ಅವಳು ಪೂರ್ತಿ ಬೆಲೆ ಕೊಟ್ಟು ಪುಸ್ತಕ ಒಯ್ದಳು. ಟಿಕೆಟ್ಟನ್ನು ಅಲ್ಲೇ ಬಿಟ್ಟು ಹೋದಳು. ಅದನ್ನು ಅತ್ತೆ ನನಗೆ ಹೇಳುವಾಗ, ಆ ನರ್ಸು ಅತ್ತಳು ಎಂದು ಒಮ್ಮೆ ಹೇಳಿದಳು, ಇನ್ನೊಮ್ಮೆ ಹೇಳಲಿಲ್ಲ.

ಮುಂದಿನ ಗೈಡುಗಳ ಹಂಗಾಮು ಮುಗಿದ ಮೇಲೆ ಅಂಗಡಿಯನ್ನು ಬಿಟ್ಟುಕೊಟ್ಟ. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಪತ್ರ ಬರದಿದ್ದರೂ ಅಂಗಡಿ ಇನ್ನೆಷ್ಟು ದಿನ ನಡೆಯುತ್ತಿತ್ತು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಬಹಳ ದಿನ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ನಾವು ಬೆಲೆ ಕಟ್ಟಿದ್ದು ತಪ್ಪೇ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮ ಲೇಖಕರಿಗೆ ಈಗ ಗೌರವಧನ ಸರಿಯಾಗಿ ಹೋಗುತ್ತಿದೆ. ಚಹಾದ ಬೆಲೆಯ ಮಾತು ನಿಂತಿದೆ. ನಾನು ಅದೇ ಕೆಲಸದಲ್ಲಿದ್ದೇನೆ, ಷರತ್ತಿನಲ್ಲಿ ಅದೇ ಪದಗಳಿವೆ. "ತಮ್ಮ ಪಾಲಿನಿಂದಲೂ ಸಹ" ಎಂಬುದನ್ನು ತೆಗೆಯಬಹುದೇ ಎಂದು ಒಮ್ಮೆ ಮಾಲೀಕರನ್ನು ಕೇಳಿದೆ. ತೆಗೆದರೆ ಮೊದಲು ಲಾಭ ಯಾರಿಗೆ ಎಂದು ಅವರು ಕೇಳಿದರು. ದೊಡ್ಡವರಿಗೇ. ಅದು ನನಗೂ ಗೊತ್ತಿತ್ತು.

ಮಾಮಾ, ಅತ್ತೆ ಈಗ ಭಾಲ್ಕಿಯಲ್ಲಿದ್ದಾರೆ. ಅವರ ಮಗಳು ಅಲ್ಲಿ ಶಿಕ್ಷಕಿ, ಅವಳ ಮನೆಯ ಎದುರಿಗೇ ಎರಡು ಕೋಣೆ ಹಿಡಿದಿದ್ದಾರೆ. ಮಾಮಾ ಪೂರ್ಣಿಮೆಗೆ ಬುದ್ಧವಿಹಾರಕ್ಕೆ ಹೋಗುತ್ತಾನೆ, ಬೆಳಿಗ್ಗೆ ಸ್ಟೇಷನ್ನಿನವರೆಗೆ ನಡೆಯುತ್ತಾನೆ, ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ. ಹೋದ ತಿಂಗಳು ನಾನು ಹೋದಾಗ ಮಗಳು ಕೊಡಿಸಿದ ಫೋನಿನಲ್ಲಿ ಓದುತ್ತ ಕೂತಿದ್ದ. ನನಗೂ ತೋರಿಸಿದ. ನಮ್ಮದೇ ಪ್ರಕಾಶನದ ಪುಸ್ತಕ, ದೊಡ್ಡ ಆ್ಯಪಿನಲ್ಲಿ ಕೊಂಡದ್ದು. ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು, ನೋಡು ಎಂದ. ಎಷ್ಟಕ್ಕೆ ಕೊಂಡೆ ಎಂದು ನಾನು ಕೇಳಲಿಲ್ಲ. ಬೆಲೆ ನನಗೆ ಗೊತ್ತೇ ಇತ್ತು.

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳುತ್ತ ಕೂತಾಗ, ಇಷ್ಟು ದಿನ ಹೊಳೆಯದ ಒಂದು ಸಂಗತಿ ಹೊಳೆಯಿತು. ಅತ್ತೆ ಅರ್ಧ ಓದಿದ್ದಳು ಎಂದರೆ ಮೊದಲಿನ ಅರ್ಧ. ಆರೋಗ್ಯದ ಸಾಲು ಇದ್ದದ್ದು ಅದರಲ್ಲೇ, ಹಾಗೆ ಬರೆಯಲು ನನಗೆ ಕಲಿಸಿದವನು ಮಾಮಾನೇ. ಅದನ್ನು ಕೇಳಿದ ಮೇಲೆಯೇ ಮಾಮಾ ಪತ್ರವನ್ನು ಎತ್ತಿಟ್ಟು, ನನ್ನ ದಾರಿ ಕಾಯ್ದು, ನನ್ನ ಕೈಗೇ ಕೊಟ್ಟಿದ್ದ. ಇನ್ನು ಆ ಸಾಲನ್ನು ಅಂದು ನಾನು ಓದಿದೆನೋ ಇಲ್ಲವೋ. ಒಂದು ನೆನಪಿನಲ್ಲಿ ಆ ಸಾಲು ನನ್ನ ಬಾಯಲ್ಲಿ ಇದೆ. ಇನ್ನೊಂದರಲ್ಲಿ "ಮಾನ್ಯರೇ" ಆದ ಮೇಲೆ ನನ್ನ ಕಣ್ಣು ಒಂದು ಸಾಲು ಕೆಳಗೆ ಜಾರಿ ನೇರ ಷರತ್ತಿಗೆ ಹೋಗುತ್ತದೆ, ಮಾಮಾ ಕಣ್ಣು ಮುಚ್ಚಿಕೊಂಡು ಆ ಸಾಲಿಗಾಗಿ ಕಾಯುತ್ತಿರುತ್ತಾನೆ. ಎರಡೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಬಲ್ಲವನು ಅವನೊಬ್ಬನೇ.

ಅವನನ್ನೇ ಕೇಳಿದೆ. ಮಾಮಾ ಫೋನನ್ನು ಮಗುಚಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದ. ಒಳಗಿನಿಂದ ಅತ್ತೆ ಊಟಕ್ಕೆ ಕರೆದಳು, ಎದ್ದು ಕೈ ತೊಳೆಯಲು ಹೋದ. ಊಟವಾಯಿತು, ಬೀದರಿನ ಬಸ್ಸಿಗೆ ಹತ್ತಿಸಲೂ ಬಂದ, ಮೊಸರು ಚೆನ್ನಾಗಿತ್ತು ಎಂಬ ಮಾತಾಯಿತು. ಅದಾದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅಂದು ಭಾಲ್ಕಿಯಲ್ಲಿ ನಾನು ಕೇಳಿದ್ದು ಇಷ್ಟೇ:

"ಮಾಮಾ, ಆ ದಿನ ಅಂಗಡ್ಯಾಗ ನಿನಗ ಪತ್ರ ಓದಿ ಹೇಳಿದ್ನಲ್ಲ, ಬಿಸಿಲಿಂದು, ಆರೋಗ್ಯದ್ದು ಒಂದು ಸಾಲಿತ್ತು. ಅದನ್ನ ನಾ ಓದಿದ್ನೋ, ಬಿಟ್ಟಿದ್ನೋ?"